ಸೀಲಿಯಾಕ್ ಇರುವ ಹುಡುಗನಿಗೆ ಹುಟ್ಟುಹಬ್ಬದ ಕೇಕ್

ಪ್ರಶ್ನೆ: ದಿಲ್ಲಿಯಲ್ಲಿರುವ ನನ್ನ ತಂಗಿಯ ಒಂಬತ್ತು ವರ್ಷದ ಮಗನಿಗೆ ಸೀಲಿಯಾಕ್ ಕಾಯಿಲೆ ಇದೆಯೆಂದು ಕಳೆದ ವರ್ಷ ಗೊತ್ತಾಯಿತು. ಬೇಸಿಗೆ ರಜೆಗೆ ಅವರು ಹುಬ್ಬಳ್ಳಿಯ ನಮ್ಮ ಮನೆಗೆ ಬರುತ್ತಾರೆ. ಹುಡುಗನ ಹುಟ್ಟುಹಬ್ಬವೂ ಇಲ್ಲಿಯೇ ಆಗುತ್ತದೆ. ನಾನು ಮನೆಯಿಂದಲೇ ಕೇಕ್ ಮಾಡಿ ಮಾರುತ್ತೇನೆ. ಮೈದಾ ಬದಲು ಅಕ್ಕಿ ಹಿಟ್ಟು ಹಾಕಿ ಮಾಡಿ ನೋಡಿದೆ, ಕತ್ತರಿಸಲು ಹೋದರೆ ಪುಡಿಪುಡಿಯಾಗಿ ಉದುರುತ್ತದೆ, ತಿಂದರೆ ಬಾಯಿಗೆ ರವೆ ರವೆಯಾಗಿ ಸಿಗುತ್ತದೆ. ಯಾವ ಹಿಟ್ಟನ್ನು ಎಷ್ಟು ಹಾಕಬೇಕು? ಖಪ್ಲಿ ಗೋಧಿಯಲ್ಲಿ ಗ್ಲೂಟೆನ್ ಕಡಿಮೆ ಎನ್ನುತ್ತಾರೆ, ಅದನ್ನು ಬಳಸಬಹುದೇ? ಮೊಟ್ಟೆ ಹಾಕಿದ ಕೇಕ್, ಹಾಕದ ಕೇಕ್ ಎರಡನ್ನೂ ತಿಳಿಸಿ. ಚೆನ್ನಾಗಿ ಬಂದರೆ ಮುಂದೆ ಗ್ಲೂಟೆನ್ ರಹಿತ ಕೇಕ್ ಎಂದು ಮಾರಬಹುದೇ ಎಂಬುದನ್ನೂ ಹೇಳಿ.

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ಹಿಟ್ಟಿನ ಪ್ರಶ್ನೆಯೇ ಸುಲಭದ್ದು, ಅದಕ್ಕೆ ಅಳತೆ ಸಮೇತ ಉತ್ತರ ಕೊಡುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಮನೆಯಿಂದಲೇ ಕೇಕ್ ಮಾಡಿ ಮಾರುತ್ತೀರಿ ಎಂಬ ಮಾತು. ದಿನವೂ ಮೈದಾ ಜರಡಿ ಹಿಡಿಯುವ ಅಡುಗೆಮನೆಯಲ್ಲಿ ಸೀಲಿಯಾಕ್ ಇರುವ ಮಗುವಿಗೆ ಕೇಕ್ ಮಾಡುವುದು ಅಸಾಧ್ಯವೇನಲ್ಲ, ಆದರೆ ಅದಕ್ಕೆ ಒಂದು ಇಡೀ ದಿನದ ಸಿದ್ಧತೆ ಬೇಕು. ಆ ಸಿದ್ಧತೆಗೆ ಸಮಯವಿಲ್ಲದಿದ್ದರೆ ಕೇಕಿನ ಯೋಚನೆಯನ್ನೇ ಬಿಟ್ಟು, ಹುಡುಗನಿಗೆ ಇಷ್ಟವಾದ ಬೇರೆ ಸಿಹಿ ಮಾಡುವುದು ವಾಸಿ.

ಇಷ್ಟು ಕಟ್ಟುನಿಟ್ಟಾಗಿ ಹೇಳಲು ಕಾರಣವಿದೆ. ಸೀಲಿಯಾಕ್ ಎಂಬುದು ಅಜೀರ್ಣವೂ ಅಲ್ಲ, ಸಾಮಾನ್ಯ ಅಲರ್ಜಿಯೂ ಅಲ್ಲ. ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲೂಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದಾಗ, ದೇಹದ ರಕ್ಷಣಾ ವ್ಯವಸ್ಥೆಯು ಸಣ್ಣ ಕರುಳಿನ ಒಳಪದರದ ಮೇಲೆಯೇ ತಿರುಗಿ ಬೀಳುತ್ತದೆ. ಆಹಾರದ ಸತ್ವವನ್ನು ಹೀರಿಕೊಳ್ಳುವ ಅಲ್ಲಿನ ಸೂಕ್ಷ್ಮ ಬೆರಳುಗಳಂಥ ರಚನೆಗಳು ಸವೆದು ಚಪ್ಪಟೆಯಾಗುತ್ತವೆ. ಮಗು ಎಷ್ಟು ಉಂಡರೂ ರಕ್ತಹೀನತೆ, ಬೆಳವಣಿಗೆಯ ಕುಂಠಿತ, ಮೂಳೆಯ ದೌರ್ಬಲ್ಯ ಕಾಣಿಸಿಕೊಳ್ಳುವುದು ಇದರಿಂದ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, ಅಂದರೆ 1944-45ರಲ್ಲಿ, ನೆದರ್ಲೆಂಡ್ಸ್‌ನಲ್ಲಿ ರೊಟ್ಟಿಯೇ ಸಿಗದಂಥ ಬರ ಬಿದ್ದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡಿದ್ದನ್ನೂ, ಮತ್ತೆ ಬ್ರೆಡ್ಡು ಬಂದಾಗ ಅದೇ ಮಕ್ಕಳು ಹಾಸಿಗೆ ಹಿಡಿದದ್ದನ್ನೂ ಅಲ್ಲಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ಗಮನಿಸಿದರು. ಗೋಧಿಗೂ ಈ ಕಾಯಿಲೆಗೂ ಇರುವ ನಂಟು ಗಟ್ಟಿಯಾಗಿ ಸ್ಥಾಪನೆಯಾದದ್ದು ಅವರಿಂದ. ಅಂದಿನಿಂದ ಇಂದಿನವರೆಗೆ ಇದಕ್ಕಿರುವ ಚಿಕಿತ್ಸೆ ಒಂದೇ: ಜೀವಮಾನವಿಡೀ ಗ್ಲೂಟೆನ್ ಇಲ್ಲದ ಊಟ.

ದಿಲ್ಲಿಯಲ್ಲಿ ನಿಮ್ಮ ತಂಗಿಗೆ ಈ ಕಾಯಿಲೆಯ ಬಗ್ಗೆ ತಿಳಿದವರು ಅಕ್ಕಪಕ್ಕದಲ್ಲಿಯೇ ಸಿಕ್ಕಿರಬಹುದು; ಹುಬ್ಬಳ್ಳಿಯಲ್ಲಿ ಸಿಗುವುದು ಕಷ್ಟ. 2016ರಲ್ಲಿ ಪ್ರಕಟವಾದ, ದೇಶದ ಮೂರು ಭಾಗಗಳಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ ಉತ್ತರ ಭಾರತದಲ್ಲಿ ನೂರಕ್ಕೆ ಸುಮಾರು ಒಬ್ಬರಲ್ಲಿ ಕಂಡುಬಂದ ಈ ಕಾಯಿಲೆ ದಕ್ಷಿಣದಲ್ಲಿ ಸಾವಿರಕ್ಕೆ ಸುಮಾರು ಒಬ್ಬರಲ್ಲಿ ಮಾತ್ರ ಕಂಡುಬಂದಿತು. ಆದ್ದರಿಂದ ನಮ್ಮ ಕಡೆ ಅಂಗಡಿಯವರಿಗೂ ಬೇಕರಿಯವರಿಗೂ ಮನೆಯ ಹಿರಿಯರಿಗೂ ಇದರ ಗಾಂಭೀರ್ಯ ಅಷ್ಟಾಗಿ ತಿಳಿದಿರುವುದಿಲ್ಲ. "ಒಂದು ತುಣುಕು ತಿಂದರೆ ಏನಾಗುತ್ತದೆ, ಹಬ್ಬದ ದಿನ" ಎಂಬ ಮಾತು ಯಾರಾದರೂ ಆಡಿಯೇ ಆಡುತ್ತಾರೆ. ಆ ತುಣುಕು ತಿಂದ ಮಗುವಿಗೆ ಅಂದು ಹೊಟ್ಟೆನೋವು ಬಾರದೆಯೂ ಇರಬಹುದು, ಆದರೆ ಹೊರಗೆ ಲಕ್ಷಣ ಕಾಣದಿದ್ದ ಮಾತ್ರಕ್ಕೆ ಒಳಗೆ ಕರುಳಿಗೆ ಪೆಟ್ಟಾಗಿಲ್ಲ ಎಂದು ತಿಳಿಯಬಾರದು. ಇದನ್ನು ಮನೆಯವರಿಗೆಲ್ಲ ಹುಡುಗ ಬರುವ ಮೊದಲೇ ಹೇಳಿಡಿ.

ಎಷ್ಟು ಗ್ಲೂಟೆನ್ ಹೆಚ್ಚು ಎಂಬುದಕ್ಕೆ ಲೆಕ್ಕವಿದೆ. ಅಂತಾರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಆಗಲಿ, ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಆಗಲಿ, ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಮೀರದಂತೆ ಗ್ಲೂಟೆನ್ ಇದ್ದರೆ ಮಾತ್ರ ಅದನ್ನು ಗ್ಲೂಟೆನ್ ರಹಿತ ಎಂದು ಕರೆಯಲು ಒಪ್ಪುತ್ತವೆ. ದಿನಕ್ಕೆ ಸುಮಾರು 10 ಮಿಲಿಗ್ರಾಂವರೆಗಿನ ಗ್ಲೂಟೆನ್ ಹೆಚ್ಚಿನ ರೋಗಿಗಳ ಕರುಳಿಗೆ ಹಾನಿ ಮಾಡುವ ಸಾಧ್ಯತೆ ಕಡಿಮೆ ಎಂದೂ, ದಿನಕ್ಕೆ 50 ಮಿಲಿಗ್ರಾಂನಂತೆ ಕೆಲವು ತಿಂಗಳು ಹೋದರೆ ಹಾನಿಯಾಗುತ್ತದೆಂದೂ ಅಧ್ಯಯನಗಳಿಂದ ತಿಳಿದಿದೆ. ಈಗ ನಿಮ್ಮ ಮೈದಾ ಡಬ್ಬಿಯ ಕಡೆ ನೋಡಿ. ಒಂದು ಗ್ರಾಂ ಮೈದಾದಲ್ಲಿ ಸುಮಾರು 80 ಮಿಲಿಗ್ರಾಂ ಗ್ಲೂಟೆನ್ ಇರುತ್ತದೆ, ಒಂದು ಗ್ರಾಂ ಎಂದರೆ ಟೀ ಚಮಚದ ಮೂರನೇ ಒಂದು ಭಾಗ. ಏಳುನೂರು ಗ್ರಾಂ ತೂಗುವ ಕೇಕಿನಲ್ಲಿ ಅಷ್ಟು ಮೈದಾ ಸೇರಿಕೊಂಡರೆ ಕಿಲೋಗೆ ನೂರು ಮಿಲಿಗ್ರಾಂ ದಾಟಿತು. ಹತ್ತು ಹೋಳು ಮಾಡಿದರೆ ಒಂದೊಂದು ಹೋಳಿಗೆ 8 ಮಿಲಿಗ್ರಾಂ ಬಂತು.

ಆ ಒಂದು ಗ್ರಾಂ ಎಲ್ಲಿಂದ ಬರುತ್ತದೆ? ನಿಮ್ಮಂಥ ಅಭ್ಯಾಸವಿರುವವರ ಕೈಯಿಂದಲೇ ಬರುತ್ತದೆ. ಕೇಕ್ ಟಿನ್ನಿಗೆ ಬೆಣ್ಣೆ ಸವರಿ, ಒಂದು ಚಮಚ ಮೈದಾ ಉದುರಿಸಿ, ಟಿನ್ನನ್ನು ಸುತ್ತಲೂ ತಟ್ಟಿ ಮಿಕ್ಕದ್ದನ್ನು ಕೊಡವುವುದು ಯೋಚಿಸದೆ ನಡೆಯುವ ಕೆಲಸ. ಟಿನ್ನಿನ ಗೋಡೆಗೆ ಅಂಟಿಕೊಂಡು ಉಳಿಯುವ ಮೈದಾವೇ ಎರಡು ಮೂರು ಗ್ರಾಂ ಆಗುತ್ತದೆ. ಅಕ್ಕಿ, ಬಾದಾಮಿ ಎಂದು ಹುಡುಕಿ ತಂದು ಮಾಡಿದ ಕೇಕು ಈ ಒಂದು ಕ್ರಿಯೆಯಲ್ಲಿ ಕೆಟ್ಟುಹೋದದ್ದನ್ನು ನಾನು ಕಂಡಿದ್ದೇನೆ. ತಳಕ್ಕೂ ಸುತ್ತಲಿಗೂ ಬಟರ್ ಪೇಪರ್ ಹಾಕಿ, ಉದುರಿಸುವುದೇನೂ ಬೇಡ. ಟಿನ್ನಿಗೆ ಹೊಡೆಯುವ ಬೇಕಿಂಗ್ ಸ್ಪ್ರೇಗಳಲ್ಲಿ ಕೆಲವಕ್ಕೆ ಹಿಟ್ಟು ಬೆರೆಸಿರುತ್ತಾರೆ, ಅದೂ ಬೇಡ.

ಮೈದಾ ಜರಡಿ ಹಿಡಿದಾಗ ಏಳುವ ಧೂಳು ಗಂಟೆಗಟ್ಟಲೆ ಗಾಳಿಯಲ್ಲಿದ್ದು ನಿಧಾನಕ್ಕೆ ಕಟ್ಟೆಯ ಮೇಲೆ, ಒರೆಸುವ ಬಟ್ಟೆಯ ಮೇಲೆ, ತೆರೆದಿಟ್ಟ ಸಕ್ಕರೆಯ ಮೇಲೆ ಕೂರುತ್ತದೆ. ಆದ್ದರಿಂದ ಹುಡುಗನ ಕೇಕ್ ಮಾಡುವ ಹಿಂದಿನ ದಿನ ಮಧ್ಯಾಹ್ನದ ಮೇಲೆ ಮೈದಾ ಡಬ್ಬಿಯನ್ನು ತೆರೆಯಬೇಡಿ, ಆ ದಿನಗಳಿಗೆ ಗಿರಾಕಿಗಳ ಆರ್ಡರ್ ತೆಗೆದುಕೊಳ್ಳಬೇಡಿ. ಸಂಜೆ ಕಟ್ಟೆ, ಓವನ್ನಿನ ಒಳಗೋಡೆ, ಜಾಲರಿ, ನಲ್ಲಿಯ ಹಿಡಿ, ಕಪಾಟಿನ ಹಿಡಿಗಳನ್ನು ಸೋಪು ನೀರಿನಿಂದ ತೊಳೆದು, ಹೊಸ ಬಟ್ಟೆಯಲ್ಲಿ ಒರೆಸಿ. ಸ್ಯಾನಿಟೈಜರ್ ಇಲ್ಲಿ ಕೆಲಸಕ್ಕೆ ಬಾರದು. ಗ್ಲೂಟೆನ್ ಕ್ರಿಮಿಯಲ್ಲ, ಸಾಯುವುದಿಲ್ಲ, ತೊಳೆದು ತೆಗೆಯಬೇಕಾದ ಪ್ರೋಟೀನು. ಓವನ್ನಿನ ಶಾಖಕ್ಕೂ ಅದು ನಾಶವಾಗುವುದಿಲ್ಲ. ಮರುದಿನ ಬೆಳಿಗ್ಗೆ, ಮನೆಯಲ್ಲಿ ಚಪಾತಿ ಹಿಟ್ಟು ಕಲಸುವ ಮೊದಲು, ತೊಳೆದ ಬಟ್ಟೆ ತೊಟ್ಟು ಕೇಕ್ ಮಾಡಿ ಮುಗಿಸಿಬಿಡಿ.

ಸಲಕರಣೆಗಳಲ್ಲಿ ಸ್ಟೀಲು ಮತ್ತು ಗಾಜಿನದನ್ನು ಚೆನ್ನಾಗಿ ತೊಳೆದು ಬಳಸಬಹುದು. ಜರಡಿ, ಮರದ ಸೌಟು, ಗೀರುಬಿದ್ದ ನಾನ್‌ಸ್ಟಿಕ್ ಟಿನ್ನು, ಸಿಲಿಕಾನ್ ಬ್ರಷ್ಷು, ಬಟ್ಟೆಯ ಪೈಪಿಂಗ್ ಚೀಲ ಇವನ್ನು ಮಾತ್ರ ಎಷ್ಟೇ ತೊಳೆದರೂ ನಂಬಬೇಡಿ. ಜರಡಿಯ ತಂತಿ ಚೌಕಟ್ಟಿಗೆ ಸೇರುವ ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಅಲ್ಲಿ ಬಿಳಿ ಗೆರೆಯಾಗಿ ಕೂತಿರುವುದು ವರ್ಷಗಳ ಮೈದಾ. ಒಂದು ಹೊಸ ಜರಡಿ, ಒಂದೆರಡು ಹೊಸ ಸ್ಪಾಟುಲಾ, ಬಳಸಿ ಎಸೆಯುವ ಪೈಪಿಂಗ್ ಚೀಲಗಳು, ಸಾಧ್ಯವಾದರೆ ಒಂದು ಹೊಸ ಏಳು ಇಂಚಿನ ಟಿನ್ನು ಕೊಂಡು, ಅವಕ್ಕೆ ಕೆಂಪು ದಾರ ಕಟ್ಟಿ ಬೇರೆ ಪೆಟ್ಟಿಗೆಯಲ್ಲಿಡಿ. ದೊಡ್ಡ ಸ್ಟ್ಯಾಂಡ್ ಮಿಕ್ಸರ್ ಇದ್ದರೆ ಅದನ್ನು ಅಂದು ಬಳಸಬೇಡಿ, ಅದರ ಮೋಟರಿನ ಗಾಳಿಕಿಂಡಿಗಳಲ್ಲಿ ಹಿಟ್ಟು ಸೇರಿಕೊಂಡು ಕೆಳಗಿನ ಪಾತ್ರೆಗೆ ಉದುರುತ್ತದೆ. ಕೈಯ ಬೀಟರ್ ಸಾಕು. ಸಕ್ಕರೆ, ಬೆಣ್ಣೆ, ಬೇಕಿಂಗ್ ಪೌಡರ್, ಕೋಕೋ ಎಲ್ಲವೂ ಹೊಸ ಪ್ಯಾಕೆಟ್ ಆಗಿರಲಿ, ಏಕೆಂದರೆ ಹಳೆಯ ಡಬ್ಬಿಗಳಿಗೆ ಮೈದಾ ಅಂಟಿದ ಚಮಚ ಎಷ್ಟು ಸಲ ಇಳಿದಿದೆಯೋ ನಿಮಗೇ ಲೆಕ್ಕವಿರಲಿಕ್ಕಿಲ್ಲ. ಬೇಕಿಂಗ್ ಸಾಮಾನಿನ ಅಂಗಡಿಗಳಲ್ಲಿ ಬಿಡಿಯಾಗಿ ತೂಗಿ ಕೊಡುವ ಐಸಿಂಗ್ ಸಕ್ಕರೆ, ಚಾಕೊಲೇಟ್ ಚಿಪ್ಸ್, ಬಣ್ಣದ ಕಾಳುಗಳು ಅಗ್ಗವಾದರೂ ಬೇಡ. ಅಲ್ಲಿ ತೂಕದ ತಟ್ಟೆಯೂ ಚಮಚವೂ ಮೈದಾಕ್ಕೂ ಅದಕ್ಕೂ ಒಂದೇ.

ಪ್ಯಾಕೆಟ್ಟುಗಳ ಮೇಲೆ ಓದಬೇಕಾದದ್ದು ಅಲರ್ಜಿಯ ಸಾಲನ್ನು. ಗ್ಲೂಟೆನ್ ಇರುವ ಧಾನ್ಯಗಳನ್ನು ಬಳಸಿದ್ದರೆ ಅದನ್ನು ಪ್ಯಾಕೆಟ್ಟಿನ ಮೇಲೆ ತಿಳಿಸಬೇಕೆಂದು ಎಫ್‌ಎಸ್‌ಎಸ್‌ಎಐ ನಿಯಮವಿದೆ. ಬೇಕಿಂಗ್ ಪೌಡರಿಗೆ ಸಾಮಾನ್ಯವಾಗಿ ಮೆಕ್ಕೆಜೋಳದ ಪಿಷ್ಟ ಸೇರಿಸುತ್ತಾರಾದರೂ ಗೋಧಿ ಪಿಷ್ಟದ್ದೂ ಇರಬಹುದು. ಮಾಲ್ಟ್ ಎಂಬ ಪದ ಕಂಡರೆ ಅದು ಬಹುಮಟ್ಟಿಗೆ ಬಾರ್ಲಿಯಿಂದ ಬಂದದ್ದು, ಆದ್ದರಿಂದ ಹಾಲಿಗೆ ಹಾಕುವ ಮಾಲ್ಟ್ ಪುಡಿಗಳನ್ನು ಚಾಕೊಲೇಟ್ ರುಚಿಗೆಂದು ಕೇಕಿಗೆ ಹಾಕಬೇಡಿ. ಬಿಸ್ಕತ್ತಿನ ಪುಡಿ, ವೇಫರ್ ಇರುವ ಚಾಕೊಲೇಟ್ ಅಲಂಕಾರಕ್ಕೂ ಸಲ್ಲದು. ಓಟ್ಸ್ ಸಾಮಾನ್ಯವಾಗಿ ಗೋಧಿಯ ಜೊತೆ ಬೆರೆತಿರುತ್ತದೆ. ಶುದ್ಧ ಓಟ್ಸ್ ಕೂಡ ಕೆಲವು ರೋಗಿಗಳಿಗೆ ಒಗ್ಗುವುದಿಲ್ಲ. ಹುಟ್ಟುಹಬ್ಬದ ಕೇಕಿನಲ್ಲಿ ಅದರ ಪರೀಕ್ಷೆ ಬೇಡ.

ಖಪ್ಲಿಯ ಪ್ರಶ್ನೆಗೆ ನೇರ ಉತ್ತರ: ಬಳಸಲೇಬಾರದು. ಬೆಳಗಾವಿ, ಬಾಗಲಕೋಟೆ, ಧಾರವಾಡದ ಕಡೆ ಬೆಳೆಯುವ, ಸದಕ ಎಂದೂ ಕರೆಯುವ ಈ ಗೋಧಿ ನಮ್ಮ ಹೆಮ್ಮೆಯ ಬೆಳೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029ರಂಥ ತಳಿಗಳನ್ನು ಬಿಡುಗಡೆ ಮಾಡಿದೆ. ಅದರ ಶ್ಯಾವಿಗೆಯೂ ಹುಗ್ಗಿಯೂ ರುಚಿ, ನಾರಿನಂಶವೂ ಚೆನ್ನಾಗಿದೆ. ಆದರೆ ಅದು ಗೋಧಿಯೇ, ಅದರಲ್ಲಿ ಗ್ಲೂಟೆನ್ ಇದೆ. ಅದರ ಗ್ಲೂಟೆನ್ ಕಣಕದಲ್ಲಿ ಬಲವಾಗಿ ಹಿಗ್ಗದಿರಬಹುದು, ಸೀಲಿಯಾಕ್ ಇರುವವರ ಕರುಳಿಗೆ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ. ಇದೇ ಮಾತು ರವೆಗೂ ಅನ್ವಯಿಸುತ್ತದೆ. ಚಿರೋಟಿ ರವೆ, ಬಾಂಬೆ ರವೆ, ಬನ್ಸಿ ರವೆ ಎಲ್ಲವೂ ಗೋಧಿಯವೇ ಆಗಿದ್ದರೂ, ಮೈದಾ ಬೇಡವೆಂದ ಮೇಲೆ ರವೆ ಕೇಕ್ ಮಾಡಿಕೊಡುವವರು ನಮ್ಮಲ್ಲಿ ಬಹಳ. ಬೇಕರಿಯ ರಾಗಿ ಬಿಸ್ಕತ್ತು, ಸಿರಿಧಾನ್ಯದ ಕೇಕು ಎಂಬವುಗಳಲ್ಲಿಯೂ ಎಷ್ಟೋ ಸಲ ಮೈದಾ ಇರುತ್ತದೆ.

ಇನ್ನು ಹಿಟ್ಟಿನ ವಿಚಾರ. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ ಇವುಗಳಲ್ಲಿ ಸ್ವಭಾವತಃ ಗ್ಲೂಟೆನ್ ಇಲ್ಲ. ಆದರೆ ಓಣಿಯ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲಿಯೇ ನಿಮ್ಮ ಜೋಳವನ್ನೂ ಬೀಸುತ್ತಾರೆ. ನೂರಕ್ಕೆ ಒಂದು ಪಾಲು ಗೋಧಿ ಹಿಟ್ಟು ಬೆರೆತರೂ ಕಿಲೋಗೆ 800 ಮಿಲಿಗ್ರಾಂ ಆಸುಪಾಸು ಗ್ಲೂಟೆನ್ ಆಯಿತು, ಅಂದರೆ ಮಿತಿಯ ನಲವತ್ತು ಪಟ್ಟು. ಗಿರಣಿಯವರಿಗೆ ಹೇಳಿ ಮೊದಲು ಒಂದು ಸೇರು ಅಕ್ಕಿ ಬೀಸಿಸಿ ಚೆಲ್ಲುವ ಉಪಾಯವನ್ನು ಕೆಲವರು ಹೇಳುತ್ತಾರೆ. ಸೀಲಿಯಾಕ್ ಇರುವ ಮಗುವಿನ ವಿಷಯದಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ಗ್ಲೂಟೆನ್ ರಹಿತ ಎಂದು ಮುದ್ರಿಸಿದ ಪ್ಯಾಕೆಟ್ ಹಿಟ್ಟನ್ನು ಕೊಳ್ಳಿ, ಇಲ್ಲವೇ ಕಾಳು ತಂದು, ಹಸನು ಮಾಡಿ, ತೊಳೆದು ಒಣಗಿಸಿ, ಮನೆಯ ಮಿಕ್ಸಿಯಲ್ಲಿಯೇ ಪುಡಿ ಮಾಡಿ. ಹಸನು ಮಾಡುವಾಗ ಮೊರದಲ್ಲಿ ತೆಳ್ಳಗೆ ಹರಡಿ ನೋಡಿದರೆ ಜೋಳದ ನಡುವೆ ಒಂದೆರಡು ಗೋಧಿ ಕಾಳು ಸಿಗುವುದು ಅಪರೂಪವಲ್ಲ. ಮಿಕ್ಸಿ ಜಾರಿನ ರಬ್ಬರ್ ಬಳೆ ಬಿಚ್ಚಿ ತೊಳೆಯಿರಿ, ಚಟ್ನಿ ಪುಡಿ ಮಾಡಿದ ಜಾರಾದರೆ ವಿಶೇಷವಾಗಿ, ಏಕೆಂದರೆ ನಾವು ಬಳಸುವ ಬೆರಕೆ ಇಂಗಿಗೆ ಬಹುಪಾಲು ಗೋಧಿ ಹಿಟ್ಟನ್ನೇ ಬೆರೆಸಿರುತ್ತಾರೆ. (ಹುಡುಗನ ಸಾರು, ಪಲ್ಯದ ಒಗ್ಗರಣೆಗೂ ಈ ಇಂಗು ಬೀಳಬಾರದು ಎಂಬುದನ್ನು ನಿಮ್ಮ ತಂಗಿ ಬಲ್ಲರು, ನಿಮ್ಮ ಮನೆಯವರಿಗೂ ತಿಳಿದಿರಲಿ.)

ನಿಮ್ಮ ಅಕ್ಕಿ ಕೇಕ್ ಉದುರಿದ್ದೇಕೆ? ಗ್ಲೂಟೆನ್ ಇಲ್ಲದ್ದರಿಂದ ಎಂದು ನೀವು ಊಹಿಸಿರುತ್ತೀರಿ. ಅದು ಅರ್ಧ ನಿಜ. ಬ್ರೆಡ್ಡಿಗೆ ಗ್ಲೂಟೆನ್ ಬೆನ್ನೆಲುಬು, ಕೇಕಿಗೆ ಹಾಗಲ್ಲ. ಮೈದಾ ಕೇಕ್ ಮಾಡುವಾಗಲೂ ಗ್ಲೂಟೆನ್ ಬೆಳೆಯದಿರಲಿ ಎಂದೇ ನೀವು ಹಿಟ್ಟನ್ನು ಹೆಚ್ಚು ಕಲಸದೆ ಹಗುರವಾಗಿ ಮಡಚುತ್ತೀರಿ. ಕೇಕನ್ನು ಹಿಡಿದು ನಿಲ್ಲಿಸುವುದು ಮೊಟ್ಟೆಯ ಪ್ರೋಟೀನು ಮತ್ತು ನೀರು ಕುಡಿದು ಉಬ್ಬಿ ಬೆಂದ ಪಿಷ್ಟ. ಅಕ್ಕಿಯ ಪಿಷ್ಟ ಬೇಯಲು ಗೋಧಿಯ ಪಿಷ್ಟಕ್ಕಿಂತ ಹೆಚ್ಚು ಶಾಖ ಬೇಕು. ಸಕ್ಕರೆ ಸೇರಿದಾಗ ಆ ಮಟ್ಟ ಇನ್ನೂ ಮೇಲೇರುತ್ತದೆ. ಅಂಗಡಿಯ ಒಣ ಅಕ್ಕಿ ಹಿಟ್ಟಿನ ಕಣಗಳು ದೊಡ್ಡವು, ಗಟ್ಟಿ. ಮೈದಾದ ಹಾಗೆ ಕಲಸಿದ ಕೂಡಲೇ ಓವನ್ನಿಗೆ ಇಟ್ಟರೆ ಅವುಗಳ ಒಳಗೆ ನೀರು ಇಳಿಯುವುದೇ ಇಲ್ಲ. ಕೇಕಿನ ಮೇಲ್ಮೈ ಕೆಂಪಾದ ಹೊತ್ತಿಗೆ ಒಳಗೆ ಅರೆಬೆಂದ ಅಕ್ಕಿಯ ಕಣಗಳು ಒಂದನ್ನೊಂದು ಹಿಡಿದುಕೊಳ್ಳದೆ ಉಳಿಯುತ್ತವೆ. ಅದೇ ನಿಮಗೆ ಸಿಕ್ಕ ರವೆ ರವೆ, ಅದೇ ಉದುರುವಿಕೆಗೂ ಕಾರಣ.

ಪರಿಹಾರ ನಿಮ್ಮ ಮನೆಯ ಹಳೆಯ ಪದ್ಧತಿಯಲ್ಲಿಯೇ ಇದೆ. ಕಜ್ಜಾಯಕ್ಕೆ ಮಾಡುವ ಹಾಗೆ ಅಕ್ಕಿಯನ್ನು ತೊಳೆದು ನಾಲ್ಕೈದು ಗಂಟೆ ನೆನೆಸಿ, ಬಸಿದು, ಹೊಸ ಬಟ್ಟೆಯ ಮೇಲೆ ನೆರಳಿನಲ್ಲಿ ಹರಡಿ, ಕೈಗೆ ತುಸುವೇ ಪಸೆ ಹತ್ತುವಾಗ ಮಿಕ್ಸಿಗೆ ಹಾಕಿ ನುಣ್ಣಗೆ ಪುಡಿ ಮಾಡಿ. ನೆನೆದ ಅಕ್ಕಿ ಮೆತ್ತಗಾಗಿರುವುದರಿಂದ ಪಿಷ್ಟದ ಕಣ ಹೆಚ್ಚು ಜಖಂ ಆಗದೆ ನಯವಾದ ಹಿಟ್ಟು ಸಿಗುತ್ತದೆ. ಕೇಕಿಗೆ ಬೇಕಾದದ್ದು ಅಂಥದ್ದೇ. ಕಜ್ಜಾಯಕ್ಕೆ ಪಸೆ ಇದ್ದಾಗಲೇ ಬಳಸುತ್ತೇವೆ, ಇಲ್ಲಿ ಮಾತ್ರ ಹಿಟ್ಟನ್ನು ಮತ್ತೆ ಹರಡಿ ಪೂರ್ತಿ ಒಣಗಿಸಿ, ಹೊಸ ಜರಡಿಯಲ್ಲಿ ಎರಡು ಸಲ ಹಿಡಿಯಿರಿ. ಪಸೆ ಉಳಿದರೆ ನಿಮ್ಮ ತೂಕವೆಲ್ಲ ತಪ್ಪುತ್ತದೆ. ಕಪ್ಪಿನ ಅಳತೆಯನ್ನೂ ಇಲ್ಲಿ ಬಿಟ್ಟುಬಿಡಿ. ಒಂದು ಕಪ್ ಮೈದಾ 120 ಗ್ರಾಂ ಸುಮಾರು ತೂಗಿದರೆ ಅದೇ ಕಪ್ಪಿನಲ್ಲಿ ಅಕ್ಕಿ ಹಿಟ್ಟು 150 ಗ್ರಾಂ ದಾಟಬಹುದು, ಬಾದಾಮಿ ಪುಡಿ 100 ಗ್ರಾಂ ಮುಟ್ಟದಿರಬಹುದು.

ಏಳು ಇಂಚಿನ ದುಂಡು ಟಿನ್ನಿಗೆ ಮೊಟ್ಟೆ ಹಾಕಿದ ಕೇಕಿನ ಅಳತೆ ಹೀಗಿದೆ: ಅಕ್ಕಿ ಹಿಟ್ಟು 110 ಗ್ರಾಂ, ಬಾದಾಮಿ ಪುಡಿ 50 ಗ್ರಾಂ, ಕಾರ್ನ್‌ಫ್ಲೋರ್ 40 ಗ್ರಾಂ, ಸಕ್ಕರೆ 180 ಗ್ರಾಂ, ಮೆತ್ತಗಿನ ಬೆಣ್ಣೆ 120 ಗ್ರಾಂ, ಮೂರು ಮೊಟ್ಟೆ, ಗಟ್ಟಿ ಮೊಸರು 80 ಗ್ರಾಂ, ಹಾಲು 60 ಮಿಲಿಲೀಟರ್, ಬೇಕಿಂಗ್ ಪೌಡರ್ ಎರಡು ಟೀ ಚಮಚ, ಹಿಟ್ಟನ್ನು ಹಿಡಿದಿಡುವ ಝಾಂತನ್ ಗಮ್ ಎಂಬ ಅಂಟಿನ ಪುಡಿ ಒಂದು ಗ್ರಾಂ, ಚಿಟಿಕೆ ಉಪ್ಪು, ವೆನಿಲ್ಲಾ. ಮೊದಲು ಅಕ್ಕಿ ಹಿಟ್ಟನ್ನು ಮೊಸರು, ಹಾಲಿನಲ್ಲಿ ಕಲಸಿ ಮುಚ್ಚಿ ಅರ್ಧ ಗಂಟೆ ಇಡಿ. ಇಡೀ ಕೇಕಿನ ಹಣೆಬರಹ ನಿರ್ಧಾರವಾಗುವುದು ಈ ಅರ್ಧ ಗಂಟೆಯಲ್ಲಿ. ಕಲಸುವಾಗ ಬೆರಳಿಗೆ ಮರಳಿನಂತೆ ಸಿಗುತ್ತಿದ್ದ ಹಿಟ್ಟು ಆಮೇಲೆ ಉಜ್ಜಿ ನೋಡಿದರೆ ಮೆತ್ತಗೆ ಜಾರುತ್ತದೆ. ಇನ್ನೂ ಮರಳು ಸಿಕ್ಕರೆ ಮತ್ತೆ ಹದಿನೈದು ನಿಮಿಷ ಬಿಡಿ. ಅಷ್ಟರಲ್ಲಿ ಬೆಣ್ಣೆ, ಸಕ್ಕರೆಯನ್ನು ಬಿಳಿಚುವವರೆಗೆ ಬೀಟ್ ಮಾಡಿ, ಮೊಟ್ಟೆಗಳನ್ನು ಒಂದೊಂದಾಗಿ ಸೇರಿಸಿ, ಬಳಿಕ ಬಾದಾಮಿ ಪುಡಿ, ನೆನೆದ ಅಕ್ಕಿ ಹಿಟ್ಟು ಹಾಕಿ. ಕಾರ್ನ್‌ಫ್ಲೋರಿನಲ್ಲಿ ಗಮ್, ಉಪ್ಪು, ಬೇಕಿಂಗ್ ಪೌಡರ್ ಬೆರೆಸಿ ಕೊನೆಗೆ ಜರಡಿ ಹಿಡಿದು ಸೇರಿಸಿ, ಇನ್ನೊಂದು ನಿಮಿಷ ಚೆನ್ನಾಗಿಯೇ ಬೀಟ್ ಮಾಡಿ. ಕೈ ತಡೆದು ಮಡಚುವ ನಿಮ್ಮ ಅಭ್ಯಾಸ ಇಲ್ಲಿ ಬೇಡ. ಬಿಗಿಯಾಗಲು ಗ್ಲೂಟೆನ್ನೇ ಇಲ್ಲವಲ್ಲ.

ಓವನ್ 170 ಡಿಗ್ರಿಯಲ್ಲಿರಲಿ, ನಲವತ್ತರಿಂದ ಐವತ್ತು ನಿಮಿಷ ಹಿಡಿಯುತ್ತದೆ. ಕಡ್ಡಿ ಚುಚ್ಚಿ ನೋಡುವ ಪರೀಕ್ಷೆ ಇಂಥ ಕೇಕಿನಲ್ಲಿ ಮೋಸ ಮಾಡುತ್ತದೆ, ಕಡ್ಡಿ ಒಣಗಿ ಬಂದರೂ ಪಿಷ್ಟ ಪೂರ್ತಿ ಬೆಂದಿರುವುದಿಲ್ಲ. ಅಡುಗೆಯ ಥರ್ಮಾಮೀಟರ್ ಇದ್ದರೆ ಕೇಕಿನ ನಡುವೆ 96ರಿಂದ 98 ಡಿಗ್ರಿ ತೋರಿಸಬೇಕು; ಇಲ್ಲದಿದ್ದರೆ ಕಡ್ಡಿ ಒಣಗಿ ಬಂದ ಮೇಲೂ ಐದು ನಿಮಿಷ ಬಿಡಿ, ಮೇಲ್ಭಾಗ ಕೆಂಪೇರುತ್ತಿದ್ದರೆ ಫಾಯಿಲ್ ಮುಚ್ಚಿ. ಟಿನ್ನಿನಲ್ಲಿಯೇ ಹದಿನೈದು ನಿಮಿಷ, ಜಾಲರಿಯ ಮೇಲೆ ಪೂರ್ತಿ ಆರುವವರೆಗೆ ಇಟ್ಟ ಮೇಲೆಯೇ ಚಾಕು ಮುಟ್ಟಿಸಿ. ಬಿಸಿಯಿದ್ದಾಗ ಪಿಷ್ಟ ಗಟ್ಟಿಯಾಗಿರುವುದಿಲ್ಲ, ಎಷ್ಟು ಒಳ್ಳೆಯ ಕೇಕಾದರೂ ಕತ್ತರಿಸಿದರೆ ಒಡೆಯುತ್ತದೆ. ಎರಡು ಪಟ್ಟು ಅಳತೆ ಮಾಡಿ ಹತ್ತು ಇಂಚಿನ ಟಿನ್ನಿಗೆ ಸುರಿಯಬೇಡಿ, ನಡುಭಾಗ ಕುಸಿಯುತ್ತದೆ. ದೊಡ್ಡ ಕೇಕು ಬೇಕಿದ್ದರೆ ಏಳು ಇಂಚಿನವನ್ನೇ ಎರಡು ಮಾಡಿ ಒಂದರ ಮೇಲೊಂದು ಕೂರಿಸಿ.

ಮೊಟ್ಟೆ ಇಲ್ಲದ್ದು ಸ್ವಲ್ಪ ಕಷ್ಟ, ಏಕೆಂದರೆ ಗ್ಲೂಟೆನ್ನಿನ ಜೊತೆಗೆ ಎರಡನೆಯ ಆಸರೆಯನ್ನೂ ನಾವು ತೆಗೆಯುತ್ತಿದ್ದೇವೆ. ಬಿಳಿ ಸ್ಪಾಂಜ್ ಕೇಕಿನ ಆಸೆ ಬಿಟ್ಟು ರಾಗಿ ಚಾಕೊಲೇಟ್ ಕೇಕ್ ಮಾಡಿ ಎಂಬುದು ನನ್ನ ಸಲಹೆ. ಅದರ ಗುಣವೇ ತೇವವಾಗಿ, ತುಸು ಭಾರವಾಗಿರುವುದು, ಆದ್ದರಿಂದ ಕೊರತೆ ಎದ್ದು ಕಾಣುವುದಿಲ್ಲ. ರಾಗಿ ಹಿಟ್ಟು 100, ಅಕ್ಕಿ ಹಿಟ್ಟು 60, ಕಾರ್ನ್‌ಫ್ಲೋರ್ 40, ಕೋಕೋ 30, ಸಕ್ಕರೆ ಅಥವಾ ಬೆಲ್ಲದ ಪುಡಿ 170, ಮೊಸರು 200 ಗ್ರಾಂ, ಎಣ್ಣೆ 80 ಮಿಲಿಲೀಟರ್. ಅಗಸೆ ಪುಡಿ 15 ಗ್ರಾಂ ಮತ್ತು ಇಸಬಗೋಲು 5 ಗ್ರಾಂ ಸೇರಿಸಿ 120 ಮಿಲಿಲೀಟರ್ ಬಿಸಿನೀರಿನಲ್ಲಿ ಕದಡಿಟ್ಟರೆ ಹತ್ತು ನಿಮಿಷಕ್ಕೆ ಲೋಳೆಯಾಗುತ್ತದೆ. ಹಿಡಿದಿಡುವ ಕೆಲಸ ಇದರದ್ದು, ಪ್ರತ್ಯೇಕ ಗಮ್ ಬೇಕಿಲ್ಲ. ಎಲ್ಲವನ್ನೂ ಕಲಸಿ ಅರ್ಧ ಗಂಟೆ ನೆನೆಯಲು ಬಿಟ್ಟು, ಓವನ್ ಕಾದ ಮೇಲೆಯೇ ಒಂದು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಸೋಡಾ ಹಾಕಿ ಬೇಗ ಬೆರೆಸಿ ಒಳಗಿಡಿ. ಸೋಡಾ ಮೊದಲೇ ಹಾಕಿದರೆ ಮೊಸರಿನ ಹುಳಿಗೆ ಗುಳ್ಳೆಯೆದ್ದು ಓವನ್ನಿಗೆ ಹೋಗುವ ಮೊದಲೇ ಇಂಗಿಹೋಗುತ್ತದೆ. ಶಾಖವೂ ಸಮಯವೂ ಹಿಂದಿನಂತೆಯೇ. ಈ ಕೇಕಿಗೆ ಇನ್ನೊಂದು ಗುಣವಿದೆ: ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಸೀಲಿಯಾಕ್ ಇರುವ ಮಕ್ಕಳ ಮೂಳೆಗೆ ಅದು ಬೇಕಾದದ್ದೇ. ಹೊಸದಾಗಿ ಕಾಯಿಲೆ ಪತ್ತೆಯಾದ ಕೆಲವು ಮಕ್ಕಳಿಗೆ ಕರುಳು ಮಾಗುವವರೆಗೆ ಹಾಲು ಒಗ್ಗುವುದಿಲ್ಲ. ಹುಡುಗನಿಗೆ ಹಾಗಿದೆಯೇ ಎಂದು ತಂಗಿಯನ್ನು ಕೇಳಿ, ಇದ್ದರೆ ಕ್ರೀಮಿನ ಅಲಂಕಾರ ಬಿಟ್ಟುಬಿಡಿ, ಕೇಕಿಗೆ ಹಾಕುವ ಹಾಲು, ಮೊಸರು ಅವನಿಗೆ ಆಗುತ್ತದೆಯೇ ಎಂದೂ ಕೇಳಿಕೊಳ್ಳಿ.

ಎರಡನ್ನೂ ಹುಡುಗ ಬರುವ ಮೊದಲೇ ಒಂದೊಂದು ಸಲ ಮಾಡಿ ನೋಡಿಕೊಳ್ಳಿ. ಹುಟ್ಟುಹಬ್ಬದ ದಿನ ಮೇಜಿನ ಮೇಲೆ ಅವನಿಗೊಂದು, ಉಳಿದವರಿಗೊಂದು ಎಂದು ಎರಡು ಕೇಕ್ ಇಡಬೇಡಿ. ಮೈದಾ ಕೇಕ್ ಕತ್ತರಿಸಿದ ಚಾಕು, ಅದನ್ನು ತಿಂದ ಮಕ್ಕಳ ಕೈ ಅವನ ತಟ್ಟೆಗೆ ಬರದಂತೆ ಗದ್ದಲದ ನಡುವೆ ಯಾರೂ ಕಾಯಲಾರರು. ಎಲ್ಲರಿಗೂ ಅದೇ ಕೇಕ್ ಮಾಡಿ, ಬಾದಾಮಿ ಇದೆಯೆಂದು ಬಂದವರಿಗೆ ಹೇಳಿ. ಸಮೋಸ, ಚಿಪ್ಸಿನ ತಟ್ಟೆ ಬೇರೆ ಕೋಣೆಯಲ್ಲಿರಲಿ. ಮಿಕ್ಕ ಕೇಕು ಮರುದಿನಕ್ಕೆ ಒಣಗಿ ಬಿರುಸಾಗುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಬೇಗ. ಹೋಳು ಮಾಡಿ, ಒಂದೊಂದನ್ನೂ ಬಟರ್ ಪೇಪರಿನಲ್ಲಿ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿ ಫ್ರೀಜರಿಗೆ ಹಾಕಿ. ತಿಂಗಳವರೆಗೆ ಚೆನ್ನಾಗಿರುತ್ತದೆ, ಹೊರಗಿಟ್ಟ ಒಂದು ಗಂಟೆಗೆ ಮತ್ತೆ ಮೆತ್ತಗಾಗುತ್ತದೆ. ದಿಲ್ಲಿಗೆ ಮರಳುವ ರೈಲಿನ ದಾರಿಗೂ ಅವನಿಗೆ ನಾಲ್ಕು ಹೋಳು ಕಟ್ಟಿಕೊಡಬಹುದು. ರೈಲಿನಲ್ಲಿ ನಂಬಿ ತಿನ್ನಲು ಅವನಿಗೆ ಸಿಗುವುದು ಬಾಳೆಹಣ್ಣಿನಂಥ ಹಣ್ಣು ಮಾತ್ರ.

ಮಾರಾಟದ ಪ್ರಶ್ನೆಗೆ ನನ್ನ ಉತ್ತರ: ಈಗಿರುವ ಅಡುಗೆಮನೆಯಿಂದ ಬೇಡ. ಮನೆಯ ಹುಡುಗನಿಗೆ ಒಂದು ದಿನ ಎಲ್ಲ ಕೆಲಸ ನಿಲ್ಲಿಸಿ ಮಾಡುವುದು ಒಂದು ರೀತಿ, ಮೈದಾ ಆರ್ಡರುಗಳ ನಡುವೆ ವಾರಕ್ಕೆ ಮೂರು ಸಲ ಹಾಗೆ ಮಾಡುವುದು ಇನ್ನೊಂದು. ಗ್ಲೂಟೆನ್ ರಹಿತ ಎಂದು ಚೀಟಿ ಅಂಟಿಸಿದ ಮೇಲೆ ಕಿಲೋಗೆ 20 ಮಿಲಿಗ್ರಾಂ ಮಿತಿಗೆ ನೀವು ಹೊಣೆಗಾರರು, ಅದನ್ನು ಪ್ರಯೋಗಾಲಯದ ಪರೀಕ್ಷೆಯಿಂದಲ್ಲದೆ ಕಣ್ಣಿನಿಂದ ಖಚಿತಪಡಿಸಿಕೊಳ್ಳಲಾಗದು. ಮೈದಾ ಪ್ರವೇಶಿಸದ ಪ್ರತ್ಯೇಕ ಕೋಣೆ, ಪ್ರತ್ಯೇಕ ಓವನ್, ಪ್ರತ್ಯೇಕ ಸಲಕರಣೆ ಮಾಡಿಕೊಂಡು, ಹಿಟ್ಟನ್ನೂ ಕೇಕನ್ನೂ ಪರೀಕ್ಷೆಗೆ ಕಳುಹಿಸಿ ಫಲಿತಾಂಶ ಕೈಗೆ ಬಂದ ಮೇಲೆ ಆ ಚೀಟಿ ಅಂಟಿಸಿ. ಅಲ್ಲಿಯವರೆಗೆ ರಾಗಿ ಕೇಕ್, ಅಕ್ಕಿ ಬಾದಾಮಿ ಕೇಕ್ ಎಂಬ ಹೆಸರಿನಲ್ಲಿಯೇ ಮಾರಿ, ಮೈದಾ ಬಳಸುವ ಅಡುಗೆಮನೆಯಲ್ಲಿ ತಯಾರಾದದ್ದು ಎಂದು ಡಬ್ಬಿಯ ಮೇಲೆ ಬರೆಯಿರಿ, ಸೀಲಿಯಾಕ್ ಇದೆಯೆಂದು ಕೇಳಿಕೊಂಡು ಬಂದ ಗಿರಾಕಿಗೆ ಕೊಡಲಾಗದು ಎಂದೇ ಹೇಳಿ.